ಬಲ ಅಂಚಿನ ಮಸುಕು

ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಳೆದ ವರ್ಷ ನಾಟಕವೊಂದು ಮುಗಿದ ಮೇಲೆ ಕಲಾವಿದರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದ ಗುಂಪು ಚಿತ್ರದಲ್ಲಿ, ಬಲತುದಿಗೆ ನಿಂತಿದ್ದ ಶೆಟ್ಟರ ಮುಖವೊಂದೇ ಮಸುಕಾಗಿತ್ತು. ಎಡತುದಿಯವರ ಶಾಲಿನ ಜರಿಯ ಎಳೆಗಳನ್ನು ಎಣಿಸಬಹುದಿತ್ತು; ಶೆಟ್ಟರ ಮೀಸೆಯಾದರೋ ಒದ್ದೆ ಕುಂಚದಿಂದ ಎಳೆದಂತಿತ್ತು. “ನಾನು ಅಲುಗಾಡಲೇ ಇಲ್ಲವಲ್ಲ ಮಾರಾಯ್ರೆ” ಎಂದು ಅವರು ಫೋನಿನಲ್ಲಿ ಹೇಳಿದಾಗ, ನನ್ನ ಕೈಯೇ ನಡುಗಿರಬೇಕೆಂದು ಒಪ್ಪಿಕೊಂಡುಬಿಟ್ಟೆ. ತಪ್ಪು ನಾಲ್ಕು ತಿಂಗಳ ಹಿಂದೆ ಕೊಂಡಿದ್ದ 24-70 ಮಿ.ಮೀ. ಲೆನ್ಸಿನದು ಎಂದು ಗೊತ್ತಾಗಲು ಇನ್ನೂ ಎರಡು ಸಮಾರಂಭಗಳು ಕಳೆಯಬೇಕಾಯಿತು.

ಇಂತಹ ಜೂಮ್ ಲೆನ್ಸಿನೊಳಗೆ ಹತ್ತು ಹದಿನೈದಕ್ಕೂ ಹೆಚ್ಚು ಗಾಜುಗಳು ಒಂದೇ ಅಕ್ಷದ ಮೇಲೆ ಕುಳಿತಿರುತ್ತವೆ. ಅವುಗಳಲ್ಲೊಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ, ತುಸು ಓರೆಯಾದರೂ, ಚಿತ್ರದ ಒಂದು ಬದಿ ಹರಿತವಾಗಿದ್ದು ಇನ್ನೊಂದು ಬದಿ ಕದಡುತ್ತದೆ. ಇದಕ್ಕೆ ಡಿಸೆಂಟರಿಂಗ್ ಎನ್ನುತ್ತಾರೆ. ಅಂಚುಗಳು ನಡುಭಾಗಕ್ಕಿಂತ ಸ್ವಲ್ಪ ಮೃದುವಾಗಿರುವುದು ಬಹುತೇಕ ಎಲ್ಲ ಲೆನ್ಸ್‌ಗಳ ಸ್ವಭಾವ, ಅದಕ್ಕಾಗಿ ಜಗಳ ತೆಗೆಯುವುದು ನ್ಯಾಯವಲ್ಲ. ನಾಲ್ಕು ಮೂಲೆಗಳೂ ಒಂದೇ ರೀತಿ ಮೃದುವಾಗಿವೆಯೇ, ಇಲ್ಲವೇ ಒಂದು ಬದಿ ಮಾತ್ರ ಕೆಟ್ಟಿದೆಯೇ ಎನ್ನುವುದನ್ನು ನೋಡಬೇಕು.

ಡೊಂಬಿವಿಲಿಯ ನಮ್ಮ ಕಟ್ಟಡದ ಟೆರೇಸಿನಲ್ಲಿ ಟ್ರೈಪಾಡ್ ಊರಿ, ಎದುರಿನ ದೂರದ ಕಟ್ಟಡದ ಕಿಟಕಿ ಸರಳುಗಳನ್ನು ಲೆನ್ಸಿನ ಬೆಳಕಿನ ಕಿಂಡಿಯನ್ನು ಅಗಲ ತೆರೆದೂ (ಎಫ್/2.8), ಕಿರಿದು ಮಾಡಿಯೂ (ಎಫ್/8) ತೆಗೆದೆ. ಬಲಗಡೆಯ ಸರಳುಗಳು ಕಲಸಿಹೋಗಿದ್ದವು. ಕ್ಯಾಮೆರಾ ನೇರವಾಗಿ ನಿಂತಿರಲಿಲ್ಲವೇನೋ ಎಂಬ ಅನುಮಾನ ಉಳಿಯಬಾರದೆಂದು ಅದನ್ನು ತಲೆಕೆಳಗು ಮಾಡಿ, ಅದೇ ಕಟ್ಟಡವನ್ನು ಮತ್ತೆ ತೆಗೆದೆ. ಈಗ ಮೊದಲು ಸ್ಪಷ್ಟವಾಗಿದ್ದ ಎಡಗಡೆಯ ಕಿಟಕಿಗಳು ಮಸುಕಾದವು, ಬಲಗಡೆಯವು ತಿಳಿಯಾದವು. ಮಸುಕು ಕಟ್ಟಡವನ್ನು ಬಿಟ್ಟು ಲೆನ್ಸಿನ ಜೊತೆ ತಿರುಗಿತ್ತು. ಗೆಳೆಯನ ಕ್ಯಾಮೆರಾಕ್ಕೆ ಇದೇ ಲೆನ್ಸನ್ನು ಹಾಕಿದಾಗಲೂ ಹಾಗೆಯೇ ಬಂದದ್ದರಿಂದ ನನ್ನ ಕ್ಯಾಮೆರಾ ನಿರ್ದೋಷಿ ಎಂದಾಯಿತು.

ಫೋರ್ಟಿನ ಬೋರಾ ಬಜಾರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಲೆನ್ಸಿನ ಎದುರು ಸಣ್ಣ ಟಾರ್ಚ್ ಹಿಡಿದು ಒಳಗಿನ ಬೆಳಕಿನ ಚುಕ್ಕೆಗಳನ್ನು ನೋಡಿದರು. ಪ್ರತಿ ಗಾಜಿನ ಮೈಯಿಂದಲೂ ಒಂದೊಂದು ಪ್ರತಿಬಿಂಬ ಬರುತ್ತದೆ. ಗಾಜುಗಳು ನೆಟ್ಟಗಿದ್ದರೆ ಚುಕ್ಕೆಗಳೆಲ್ಲ ಒಂದರ ಹಿಂದೊಂದು ನಿಲ್ಲುತ್ತವೆ. ನನ್ನದರಲ್ಲಿ ಒಂದು ಚುಕ್ಕೆ ಸಾಲು ತಪ್ಪಿತ್ತು. ಆದರೂ ಅವರು ಸ್ಕ್ರೂ ಮುಟ್ಟಲಿಲ್ಲ: ತಾವು ಬಿಚ್ಚಿದರೆ ವಾರಂಟಿ ಹೋಗುತ್ತದೆ, ಮೊದಲು ಕಂಪೆನಿಯವರಿಗೇ ಕೊಡಿ ಎಂದರು. ಕೈಗೆ ಬಂದ ಕೆಲಸವನ್ನು ಹೀಗೆ ಬಿಟ್ಟುಕೊಡುವವರು ಈ ಪೇಟೆಯಲ್ಲಿ ಎಷ್ಟು ಮಂದಿ ಇದ್ದಾರೋ.

ಸರ್ವಿಸ್ ಸೆಂಟರಿನವರು ಎರಡು ವಾರ ಇಟ್ಟುಕೊಂಡು, ಲೆನ್ಸು ಕಂಪೆನಿಯ ಮಾನದಂಡದೊಳಗೇ ಇದೆ ಎಂದು ಬರೆದು ಮರಳಿಸಿದರು. ಆ ಮಾನದಂಡ ಯಾವುದು, ಯಾವ ಅಂಕಿಯವರೆಗೆ ಓರೆಯನ್ನು ಒಪ್ಪುತ್ತೀರಿ ಎಂದು ಕೇಳಿದರೆ ಅದು ಒಳಗಿನ ವಿಷಯವಂತೆ. ಟೆರೇಸಿನ ಚಿತ್ರಗಳನ್ನು ಮುದ್ರಿಸಿಕೊಂಡು ಎರಡನೆಯ ಸಲ ಹೋದಾಗ ದೋಷವನ್ನು ಒಪ್ಪಿಕೊಂಡರು, ಆದರೆ ಫಿಲ್ಟರ್ ಕೂರಿಸುವ ಬಳೆಯ ಮೇಲೆ ಪೆಟ್ಟಿನ ಗುರುತಿದೆ, ಬಿದ್ದ ಲೆನ್ಸಿಗೆ ವಾರಂಟಿ ಸಲ್ಲದು ಎಂದು ₹18,000ದ ಅಂದಾಜು ಕಳಿಸಿದರು.

ನನ್ನನ್ನು ಉಳಿಸಿದ್ದು ಮೊದಲ ಸಲ ಲೆನ್ಸು ಒಪ್ಪಿಸಿದಾಗ ಅವರು ಕೊಟ್ಟ ಚೀಟಿ, ಜಾಬ್ ಶೀಟ್. ಅದರಲ್ಲಿ ಕೌಂಟರಿನ ಹುಡುಗಿ ತನ್ನ ಕೈಬರಹದಲ್ಲಿ, ಹೊರಮೈಯಲ್ಲಿ ಪೆಟ್ಟು ಗೀರು ಯಾವುದೂ ಇಲ್ಲ ಎಂದು ಬರೆದು ಸೀಲು ಒತ್ತಿದ್ದಳು. ಗುರುತು ಈಗ ಇದ್ದರೆ ಅದು ಯಾರ ಮೇಜಿನ ಮೇಲೆ ಬಿತ್ತು? ಆ ಕಾಗದದ ಫೋಟೋ, ಬಿಲ್ಲು, ಎರಡೂ ಭೇಟಿಗಳ ತಾರೀಖು ಸೇರಿಸಿ ಮಾರಿದ ಅಂಗಡಿಗೂ ಕಂಪೆನಿಗೂ ನೋಟಿಸ್ ಕಳಿಸಿದೆ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು; ಅಂಗಡಿ ಮುಂಬಯಿಯಲ್ಲಿದ್ದರೂ, ಡೊಂಬಿವಿಲಿಯವನಾದ ನನಗೆ ಠಾಣೆ ಜಿಲ್ಲೆಯ ಗ್ರಾಹಕ ಆಯೋಗ ಸಾಕಿತ್ತು. ₹5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಿದರಾಯಿತು. ನೋಡಿದರೆ ತಿಳಿಯದ ದೋಷವಾದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಬಹುದು ಎಂಬುದನ್ನೂ ನೋಟಿಸಿನಲ್ಲಿ ಬೇಕೆಂದೇ ಸೇರಿಸಿದ್ದೆ. ಒಳಗಿನ ಮಾನದಂಡವನ್ನು ಅಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತದಲ್ಲ.

ದೋಷವನ್ನು ಒಪ್ಪಿಕೊಂಡರೆ ಕಂಪೆನಿಯ ಮಾನ ಹೋಗುವುದಿಲ್ಲ. 2005ರಲ್ಲಿ ಕ್ಯಾನನ್ ತನ್ನ ಆಗಷ್ಟೇ ಬಿಡುಗಡೆಯಾಗಿದ್ದ 24-105 ಮಿ.ಮೀ. ಎಫ್/4 ಲೆನ್ಸಿನ ಮೊದಲ ಕಂತಿನಲ್ಲಿ ಬೆಳಕಿನ ಕಲೆ ಮೂಡುವ ದೋಷವಿದೆಯೆಂದು ತಾನೇ ಪ್ರಕಟಿಸಿ ಉಚಿತವಾಗಿ ಸರಿಪಡಿಸಿತ್ತು. ಆ ಲೆನ್ಸು ಆಮೇಲೆಯೂ ವರ್ಷಗಟ್ಟಲೆ ಮಾರಾಟವಾಯಿತು.

ನೋಟಿಸು ತಲುಪಿದ ಹನ್ನೊಂದನೆಯ ದಿನ ಫೋನು ಬಂತು. ಗಾಜಿನ ಒಂದು ಗುಂಪನ್ನೇ ಬದಲಿಸಿ, ಹಣ ಕೇಳದೆ ಕೊಟ್ಟರು. ಟೆರೇಸಿಗೆ ಹೋಗಿ ಅದೇ ಕಿಟಕಿಗಳನ್ನು ನೇರವಾಗಿಯೂ ತಲೆಕೆಳಗಾಗಿಯೂ ತೆಗೆದು ನೋಡಿದೆ, ಎರಡು ಬದಿಯ ಸರಳುಗಳೂ ಒಂದೇ ಸಮ ಇದ್ದವು. ಈಗ ಉಳಿದಿರುವ ತಕರಾರು ಒಂದೇ: ಲೆನ್ಸು ಅವರ ಬಳಿ ಕಳೆದ 47 ದಿನಗಳನ್ನು ವಾರಂಟಿಯ ಅವಧಿಗೆ ಸೇರಿಸಿಕೊಡಿ ಎಂದು ಬರೆದಿದ್ದೇನೆ, ಉತ್ತರ ಬಂದಿಲ್ಲ.