ಕೈಯಲ್ಲಿ ಮಾಸ್ಕ್ ಹಿಡಿದು ಕೂತ ರಾತ್ರಿ

ಮೈಸೂರಲ್ಲಿ ಸೈಕಾಲಜಿ ಎಂ.ಎಸ್ಸಿ ಮುಗಿಸಿ ಎಂ.ಫಿಲ್ ಪ್ರವೇಶ ಪರೀಕ್ಷೆ ಎರಡು ಸಲ ಬರೆದೆ. ಸೀಟು ಸಿಗಲಿಲ್ಲ. ಇದ್ದ ಸೀಟುಗಳೇ ಕಮ್ಮಿ. ಅಷ್ಟರಲ್ಲಿ ಬೆಂಗಳೂರಿನ ಒಂದು ಸ್ಲೀಪ್ ಲ್ಯಾಬ್‌ನಲ್ಲಿ, ಅಂದರೆ ರೋಗಿಗಳನ್ನು ಮಲಗಿಸಿ ರಾತ್ರಿಯಿಡೀ ಅವರ ನಿದ್ದೆಯನ್ನು ಪರೀಕ್ಷಿಸುವ ಜಾಗದಲ್ಲಿ, ರಾತ್ರಿ ಪಾಳಿಯ ಕೆಲಸ ಸಿಕ್ಕಿತು. ‘ಮನಸ್ಸಿನ ಬಗ್ಗೆ ಓದಿದವಳು ವೈರ್ ಅಂಟಿಸೋಕೆ ಹೋಗ್ತೀಯಾ?’ ಅಂದರು ಅಪ್ಪ. ನನಗೂ ಅದೇ ಕೊರಗಿತ್ತು.

ವೈರ್ ಅಂಟಿಸುವುದೂ ಸುಲಭವಲ್ಲ. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂದಿನ ಉಬ್ಬಿನವರೆಗೆ ಟೇಪಿನಲ್ಲಿ ಅಳೆದು, ಶೇಕಡಾ 10, 20ರ ಲೆಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಬೇಕು. ಕೂದಲು ಬಿಡಿಸಿ, ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಕೂರಿಸಬೇಕು. ಕಣ್ಣಿನ ಪಕ್ಕ, ಗದ್ದ, ಕಾಲು ಯಾವುದನ್ನೂ ಬಿಡುವ ಹಾಗಿಲ್ಲ. ಎದೆಗೆ, ಹೊಟ್ಟೆಗೆ ಬೆಲ್ಟು, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು. ಆಮೇಲೆ ಬೆಳಗಿನ ತನಕ ಪಕ್ಕದ ಕೋಣೆಯಲ್ಲಿ ಸ್ಕ್ರೀನ್ ಮುಂದೆ ಕೂರುವುದು.

ಆ ರಾತ್ರಿ ಬಂದವರು ಮಂಡ್ಯ ಕಡೆಯ ಲಾರಿ ಡ್ರೈವರ್. ಐವತ್ತು ದಾಟಿದವರು. ಹಾಡಹಗಲೇ ಸ್ಟೇರಿಂಗ್ ಮೇಲೆ ತೂಕಡಿಕೆ. ಮಲಗಿದ ಐದೇ ನಿಮಿಷಕ್ಕೆ ಗೊರಕೆ ಶುರುವಾಯಿತು. ಆಮೇಲೆ ಸದ್ದೇ ಇಲ್ಲ. ಸ್ಕ್ರೀನಿನಲ್ಲಿ ಉಸಿರಿನ ಗೆರೆ ಮಟ್ಟಸವಾಗಿ ಮಲಗಿತ್ತು, ಎದೆ ಮತ್ತು ಹೊಟ್ಟೆ ಮಾತ್ರ ಎಳೆದಾಡುತ್ತಿದ್ದವು. ಉಸಿರು 10 ಸೆಕೆಂಡ್ ನಿಂತರೆ ಆಪ್ನಿಯಾ ಅಂತ ಎಣಿಸುತ್ತೇವೆ. ಅವರದು 40 ಸೆಕೆಂಡ್ ದಾಟುತ್ತಿತ್ತು. ಗಂಟೆಗೆ 30 ಸಲ ಆದರೇ ತೀವ್ರ, ಅವರಿಗೆ 60ಕ್ಕೂ ಜಾಸ್ತಿ.

ರಾತ್ರಿ ಒಂದು ಗಂಟೆಗೆ ಎಬ್ಬಿಸಿ ಸಿ-ಪ್ಯಾಪ್ ಮಾಸ್ಕ್ ಹಾಕಿದೆ. ಗಾಳಿಯ ಒತ್ತಡದಿಂದ ಗಂಟಲು ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಯಂತ್ರ ಅದು. ಎರಡೇ ನಿಮಿಷಕ್ಕೆ ಕಿತ್ತು ಎದ್ದು ಕೂತರು. ಕೈ ನಡುಗುತ್ತಿತ್ತು.

‘ಬಾವಿಗೆ ಬಿದ್ದಂಗಾಯ್ತು ಮೇಡಂ. ಚಿಕ್ಕೋನಿದ್ದಾಗ ಬಿದ್ದಿದ್ದೆ. ನಂಗೀ ಮಿಷನ್ ಬ್ಯಾಡ.’

‘ಪೇಷೆಂಟ್ ಒಪ್ಪಲಿಲ್ಲ’ ಎಂದು ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಮಾರನೇ ದಿನವೇ ಇವರು ಲಾರಿ ಹತ್ತುತ್ತಾರೆ, ಅಲ್ವಾ? ಸ್ಟೂಲ್ ಎಳೆದುಕೊಂಡು ಕೂತೆ. ಬಾವಿಯ ಕಥೆ ಕೇಳಿದೆ. ಇಪ್ಪತ್ತು ನಿಮಿಷ ಹೇಳಿದರು.

ಆಮೇಲೆ ಮಾಸ್ಕನ್ನು ಅವರ ಕೈಗೇ ಕೊಟ್ಟೆ. ಮೊದಲು ಅಂಗೈಗೆ ಗಾಳಿ ಬಿಡಿಸಿಕೊಂಡರು. ಆಮೇಲೆ ಮೂಗಿಗೆ ಹಿಡಿದು ಐದು ಎಣಿಸಿ ತೆಗೆದರು. ಹತ್ತಾಯಿತು, ಇಪ್ಪತ್ತಾಯಿತು. ‘ತೆಗೆಯೋದು ನಿಮ್ಮ ಕೈಲೇ ಇದೆ ಅಣ್ಣಾ’ ಅನ್ನುತ್ತಲೇ ಇದ್ದೆ. ಪಟ್ಟಿ ಕಟ್ಟಿದ್ದು ಕೊನೆಗೆ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಈ ಕ್ರಮವನ್ನು, ಅದನ್ನು ರೂಪಿಸಿದ ಮನೋವೈದ್ಯ ಜೋಸೆಫ್ ವೋಲ್ಪಿ ಹೆಸರಿನ ಜೊತೆ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಒಬ್ಬರ ಪಕ್ಕ ಕೂತು ಮಾಡಿದ್ದು ಅವತ್ತೇ ಮೊದಲು. ಈಗ ವಾರಕ್ಕೆರಡು ಹಗಲು ಇದೇ ಲ್ಯಾಬಿನಲ್ಲಿ ಮಾಸ್ಕ್‌ಗೆ ಹೆದರುವವರ ಜೊತೆ, ನಿದ್ದೆ ಬಾರದವರ ಜೊತೆ ಕೂರುತ್ತೇನೆ. ಅದು ಶುರುವಾದದ್ದು ಆ ಸ್ಟೂಲಿನಿಂದಲೇ.

ಎರಡೂವರೆಗೆ ನಿದ್ದೆ ಹತ್ತಿತು. ಒತ್ತಡ ಸ್ವಲ್ಪ ಸ್ವಲ್ಪವೇ ಏರಿಸಿದೆ. ಮಟ್ಟಸವಾಗಿದ್ದ ಗೆರೆ ಅಲೆಯಾಯಿತು. ನಾಲ್ಕರ ಹೊತ್ತಿಗೆ ಕಣ್ಣಿನ ಎರಡು ಗೆರೆಗಳು ಎದುರುಬದುರಾಗಿ ಜಿಗಿಯತೊಡಗಿದವು, ಗದ್ದದ ಗೆರೆ ಸಪಾಟಾಯಿತು. ಕನಸಿನ ನಿದ್ದೆ. ಉಸಿರುಗಟ್ಟಿ ಮತ್ತೆ ಮತ್ತೆ ಎಚ್ಚರವಾಗುವ ದೇಹಕ್ಕೆ ಅದು ಸರಿಯಾಗಿ ಸಿಕ್ಕಿರುವುದಿಲ್ಲ. ಸಿಕ್ಕ ರಾತ್ರಿ ಬಾಕಿಯನ್ನು ಒಂದಿಷ್ಟು ವಸೂಲಿ ಮಾಡಿಕೊಳ್ಳುತ್ತದೆ. ಸುಮ್ನೆ ನೋಡುತ್ತಾ ಕೂತೆ.

ಆರು ಗಂಟೆಗೆ ಬಿಸಿನೀರಲ್ಲಿ ಹತ್ತಿ ಅದ್ದಿ ಅವರ ಕೂದಲಿನ ಪೇಸ್ಟ್ ಒರೆಸುತ್ತಿದ್ದೆ. ಅವರು ಫೋನಿನಲ್ಲಿ ಹೆಂಡತಿಗೆ ಹೇಳುತ್ತಿದ್ದರು: ‘ಕನ್ಸು ಬಿತ್ತು ಕಣೇ. ನಮ್ಮಪ್ಪ ಗದ್ದೆ ಬದೀನಲ್ಲಿ ನಿಂತಿದ್ರು.’