ತೂಕ ಇಳಿಸುವ ಇಂಜೆಕ್ಷನ್‌ಗೆ ಪಥ್ಯ ಏನು?

"ವಾರಕ್ಕೊಂದು ಇಂಜೆಕ್ಷನ್ ಶುರು ಮಾಡಿದ್ದೀನಿ, ಏನೇನು ತಿನ್ನಬಾರದು?" 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಔಷಧದಂಗಡಿಗಳಿಗೆ ಬಂದಾಗಿನಿಂದ ಈ ಪ್ರಶ್ನೆ ನಿಂತಿಲ್ಲ. ಕೇಳುವವರ ಮನಸ್ಸಿನಲ್ಲಿ ಇರುವುದು ನಮ್ಮ ಹಳೆಯ ಪಥ್ಯದ ಲೆಕ್ಕ: ಬದನೆಕಾಯಿ ನಂಜು, ಕುಂಬಳಕಾಯಿ ಬೇಡ, ಮೊಸರು ಬಿಡಿ. ಆ ಅರ್ಥದಲ್ಲಿ ಈ ಮದ್ದಿಗೆ ಪಥ್ಯವೇ ಇಲ್ಲ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಆಗಲಿ ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಆಗಲಿ, ಚರ್ಮದ ಕೆಳಗೆ ಚುಚ್ಚುವ ಮದ್ದಿನ ಕೆಲಸವನ್ನು ಕೆಡಿಸುವ ತರಕಾರಿ ಯಾವುದೂ ಇಲ್ಲ. ಖಾಲಿ ಹೊಟ್ಟೆಯಲ್ಲೇ ಚುಚ್ಚಿಕೊಳ್ಳಬೇಕು ಎಂಬುದೂ ಇಲ್ಲ. ಆ ನಿಯಮ ಇರುವುದು ಇದೇ ಸೆಮಾಗ್ಲುಟೈಡ್‌ನ ಮಾತ್ರೆಯಾದ ರೈಬೆಲ್ಸಸ್‌ಗೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ, 120 ಮಿ.ಲೀ. ಮೀರದಷ್ಟು ನೀರಿನಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇರಬೇಕಾದದ್ದು ಅದಕ್ಕೆ. ಎರಡನ್ನೂ ಕಲಸಿಕೊಂಡು ಇಂಜೆಕ್ಷನ್ ದಿನ ಉಪವಾಸ ಕೂರುವವರಿದ್ದಾರೆ. ಅದು ಬೇಕಿಲ್ಲ.

ಹಾಗಾದರೆ ಎಚ್ಚರ ಯಾವುದರಲ್ಲಿ? ಎಣ್ಣೆಯಲ್ಲಿ, ಪ್ರಮಾಣದಲ್ಲಿ, ಹೊತ್ತಿನಲ್ಲಿ. ಕಾರಣ ತಿಳಿದರೆ ಪಟ್ಟಿ ಬೇಕಾಗುವುದಿಲ್ಲ.

ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಮಿದುಳಿಗೆ "ಸಾಕು" ಎನ್ನುತ್ತದೆ, ಜಠರಕ್ಕೆ "ನಿಧಾನ" ಎನ್ನುತ್ತದೆ. ಸಹಜವಾಗಿ ಅದರ ಆಯುಸ್ಸು ಕೆಲವೇ ನಿಮಿಷ. ಇಂಜೆಕ್ಷನ್‌ನಲ್ಲಿರುವುದು ಅದರದೇ ಕೆಲಸ ಮಾಡುವ, ಆದರೆ ದಿನಗಟ್ಟಲೆ ಉಳಿಯುವ ಮದ್ದು. ಸೆಮಾಗ್ಲುಟೈಡ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಟಿರ್ಜೆಪಟೈಡ್‌ಗೆ ಸುಮಾರು 5 ದಿನ. ಅಂದರೆ ಎರಡು ಗಂಟೆಯಲ್ಲಿ ಇಳಿಯುತ್ತಿದ್ದ ಊಟ ಈಗ ನಾಲ್ಕು ಗಂಟೆಯಾದರೂ ಹೊಟ್ಟೆಯಲ್ಲೇ ಕೂತಿರಬಹುದು. ಮೇಲಿಂದ ಮತ್ತೆ ತಿಂದರೆ ಅದು ಹೋಗುವುದೆಲ್ಲಿಗೆ? ವಾಕರಿಕೆ, ವಾಂತಿ, ಹುಳಿತೇಗಿಗೆ ಒಂದು ಕಾರಣ ಇಲ್ಲಿದೆ. ವೆಗೋವಿಯ 2.4 ಮಿ.ಗ್ರಾಂ. ಡೋಸ್‌ನ ಮುಖ್ಯ ಪರೀಕ್ಷೆಯಲ್ಲಿ ನೂರಕ್ಕೆ 44 ಜನರಿಗೆ ವಾಕರಿಕೆ, ಸುಮಾರು 25 ಜನರಿಗೆ ವಾಂತಿ ಆಗಿತ್ತು. ಹೆಚ್ಚಿನವರಿಗೆ ಅದು ಡೋಸ್ ಏರಿಸುವ ವಾರಗಳಲ್ಲಿ ಬಂದು ಹೋಗುವಂಥದ್ದು. ವೆಗೋವಿಯನ್ನು 0.25ರಿಂದ 0.5, 1, 1.7, 2.4 ಎಂದು ನಾಲ್ಕು ನಾಲ್ಕು ವಾರಕ್ಕೆ ಏರಿಸುವುದು, ಮೌಂಜಾರೊವನ್ನು 2.5ರಿಂದ ಶುರುಮಾಡಿ ಕನಿಷ್ಠ ನಾಲ್ಕು ವಾರಕ್ಕೊಮ್ಮೆ 2.5ರಷ್ಟೇ ಏರಿಸುವುದು ಹೊಟ್ಟೆಗೆ ರೂಢಿಯಾಗಲಿ ಎಂದೇ. ಆತುರಕ್ಕೆ ಒಂದು ಮೆಟ್ಟಿಲು ಹಾರಿದರೆ ಯಾವ ಪಥ್ಯವೂ ಕಾಪಾಡದು.

ಮೊದಲ ಶತ್ರು ಕರಿದದ್ದು. ಕೊಬ್ಬು ತಾನೇ ತಾನಾಗಿ ಜಠರವನ್ನು ನಿಧಾನ ಮಾಡುವ ಪದಾರ್ಥ. ಅದರ ಮೇಲೆ ಮದ್ದಿನದೂ ಸೇರಿದರೆ ಎರಡೆರಡು ಬ್ರೇಕ್. ಎರಡು ಪೂರಿ ಸಾಗು, ಬೆಣ್ಣೆ ತೇಲುವ ದೋಸೆ, ಮಂಡಕ್ಕಿ ಜೊತೆಗಿನ ಮಿರ್ಚಿ, ಉದ್ದಿನವಡೆ, ಬಿರಿಯಾನಿ, ಕೊಬ್ಬಿನ ತುಂಡುಗಳಿರುವ ಪಂದಿ ಕರಿ, ತೆಂಗಿನಹಾಲಿನ ಗಸಿಯಲ್ಲಿ ನೆನೆದ ಕೋರಿ ರೊಟ್ಟಿ: ತಿನ್ನುವಾಗ ಏನೂ ಅನಿಸುವುದಿಲ್ಲ, ನಾಲ್ಕೈದು ಗಂಟೆ ಕಳೆದ ಮೇಲೆ ಕಾಟ ಶುರು. ಕೊಳೆತ ಮೊಟ್ಟೆಯ ವಾಸನೆಯ ತೇಗು ಬಂದರೆ ಊಟ ಒಳಗೆ ಬಹಳ ಹೊತ್ತು ನಿಂತಿದೆ ಎಂದೇ ತಿಳಿಯಿರಿ. ಆಗ ಜೀರಿಗೆ ನೀರು ಕುಡಿಯುವುದಕ್ಕಿಂತ ಮುಂದಿನ ಊಟವನ್ನು ಮುಂದೂಡುವುದು ಮೇಲು.

ಹಾಗಂತ ಎಣ್ಣೆಯನ್ನು ಪೂರ್ತಿ ಬಿಡಬೇಡಿ. ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗುವುದು ಊಟದಲ್ಲಿ ಕೊಬ್ಬಿದ್ದಾಗ. ತೂಕ ಬೇಗ ಇಳಿಯುವಾಗ ಪಿತ್ತದಲ್ಲಿ ಕಲ್ಲು ಕಟ್ಟುವ ಸಂಭವ ಮೊದಲೇ ಹೆಚ್ಚು. ಅದರ ಮೇಲೆ ಎಣ್ಣೆಯೇ ಇಲ್ಲದ ಊಟವಾದರೆ ಪಿತ್ತ ನಿಂತಲ್ಲೇ ನಿಲ್ಲುತ್ತದೆ. ಒಬ್ಬರಿಗೆ ದಿನಕ್ಕೆ ಮೂರರಿಂದ ನಾಲ್ಕು ಟೀ ಚಮಚ ಎಣ್ಣೆ ಇಟ್ಟುಕೊಳ್ಳಿ, ಅದರಲ್ಲಿ ಎರಡು ಚಮಚ ಒಂದೇ ಊಟದಲ್ಲಿ ಇದ್ದರೂ ತೊಂದರೆಯಿಲ್ಲ. ಒಗ್ಗರಣೆಗೆ ಅದು ಧಾರಾಳ ಸಾಕು. ಕರಿಯುವುದಕ್ಕೆ ಸಾಲದು, ಅಷ್ಟೇ ಬೇಕಾದದ್ದು.

ಇನ್ನು ಪ್ರಮಾಣ. ಹಳೇ ಮೈಸೂರು ಕಡೆಯವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಅಗಿಯದೆ ನುಂಗಿದ ಊಟ ಬೇಗ ಬೇಗ ಒಳಗೆ ಸೇರುತ್ತದೆ. "ಸಾಕು" ಎಂಬ ಸೂಚನೆ ಮಿದುಳಿಗೆ ಮುಟ್ಟುವ ಹೊತ್ತಿಗೆ ಒಂದೂವರೆ ಮುದ್ದೆ ಮುಗಿದಿರುತ್ತದೆ. ರಾಗಿಯಲ್ಲಿ ದೋಷವಿಲ್ಲ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಮುದ್ದೆ, ಜೊತೆಗೆ ಬಸ್ಸಾರಿನ ಸೊಪ್ಪು ಕಾಳು ಹೆಚ್ಚಾಗಿ, ಊಟಕ್ಕೆ ಇಪ್ಪತ್ತು ನಿಮಿಷ. ಡೋಸ್ ಏರಿಸಿದ ವಾರ ಮುದ್ದೆಯ ಬದಲು ರಾಗಿ ಅಂಬಲಿಯೋ ತೆಳ್ಳನೆಯ ರಾಗಿ ರೊಟ್ಟಿಯೋ ಒಳ್ಳೆಯದು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನು ಅಗಿಯಲೇಬೇಕಾಗುವುದರಿಂದ ಈ ವಿಷಯದಲ್ಲಿ ಅದು ಒಂದು ಹೆಜ್ಜೆ ಮುಂದೆ. ಮೇಲೆ ಹಾಕಿಕೊಳ್ಳುವ ಬೆಣ್ಣೆ ಮತ್ತು ಶೇಂಗಾ ಚಟ್ನಿಯ ಎಣ್ಣೆ ಮಾತ್ರ ಲೆಕ್ಕದಲ್ಲಿರಲಿ. ತಟ್ಟೆಯಲ್ಲಿ ಉಳಿದ ಕೊನೆಯ ನಾಲ್ಕು ತುತ್ತನ್ನು "ಅನ್ನ ಬಿಸಾಡಬಾರದು" ಎಂದು ತಿನ್ನುವುದು ಈ ಮದ್ದಿನಲ್ಲಿ ವಾಂತಿಗೆ ದಾರಿಯಾಗಬಹುದು. ಬಡಿಸಿಕೊಳ್ಳುವಾಗಲೇ ಅರ್ಧ ಬಡಿಸಿಕೊಳ್ಳಿ.

ರಾತ್ರಿ ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗುವ ಪದ್ಧತಿಯೂ ನಡೆಯದು. ಏಳು ಗಂಟೆಯೊಳಗೆ ಉಂಡರೆ ಮಲಗುವ ಹೊತ್ತಿಗೆ ಮೂರು ಗಂಟೆ ಸಿಗುತ್ತದೆ. ಹುಳಿತೇಗು ಇರುವವರು ರಾತ್ರಿ ಖಾರದ ಚಟ್ನಿಪುಡಿ, ಹುಣಸೆ ಗೊಜ್ಜು, ಉಪ್ಪಿನಕಾಯಿ ದೂರವಿಡಿ. ಬೆಳಿಗ್ಗೆ ಏನೂ ತಿನ್ನದೆ ಗಟ್ಟಿ ಡಿಕಾಕ್ಷನ್ ಕಾಫಿ ಕುಡಿದರೆ ಕೆಲವರಿಗೆ ಅಲ್ಲಿಂದಲೇ ವಾಕರಿಕೆ. ಇಡ್ಲಿ ಮೊದಲು, ಕಾಫಿ ಆಮೇಲೆ.

ಸೋಡಾ, ಬಿಯರ್, ಹಸಿ ಮೊಳಕೆಕಾಳು, ಎಲೆಕೋಸು ಹೊಟ್ಟೆ ಉಬ್ಬಿಸುತ್ತವೆ. ಕಾಳು ಬಿಡಬೇಕಿಲ್ಲ, ಎಂಟು ಗಂಟೆ ನೆನೆಸಿ ಆ ನೀರು ಚೆಲ್ಲಿ ಚೆನ್ನಾಗಿ ಬೇಯಿಸಿ. ಮದ್ಯದ ಬಗ್ಗೆ ನಮ್ಮ ಅಭಿಪ್ರಾಯ ಸರಳ: ಡೋಸ್ ಏರುವ ತಿಂಗಳುಗಳಲ್ಲಿ ಬೇಡ. ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಮದ್ಯ ಮೊದಲೇ ಒಂದು ಕಾರಣ, ಈ ಮದ್ದಿನಲ್ಲೂ ಅದರ ಎಚ್ಚರಿಕೆ ಇದೆ. ಜೊತೆಗೆ ಸಕ್ಕರೆ ಕಾಯಿಲೆಯ ಮದ್ದು ತೆಗೆದುಕೊಳ್ಳುವವರಲ್ಲಿ ರಾತ್ರಿ ಸಕ್ಕರೆ ಇಳಿಯಬಹುದು.

ಸಿಹಿಯ ಮಾತಿಗೆ ಬರೋಣ. ಕಬ್ಬಿನಹಾಲು, ಪಾಯಸ, ಬಾದಾಮಿ ಹಾಲು ಕುಡಿದದ್ದು ಗಟ್ಟಿ ಊಟದಷ್ಟು ಹೊಟ್ಟೆ ತುಂಬಿಸುವುದಿಲ್ಲ, ಹಸಿವನ್ನೂ ಕಳೆಯುವುದಿಲ್ಲ. ಇಂಜೆಕ್ಷನ್ ತೆಗೆದುಕೊಂಡರೂ ತೂಕ ಇಳಿಯದಿದ್ದರೆ ಲೋಟಗಳ ಲೆಕ್ಕ ಮೊದಲು ನೋಡಿ. ಆದರೆ ಸಕ್ಕರೆಯೇ ಮದ್ದಾಗುವ ಒಂದು ಸಂದರ್ಭವಿದೆ. ಈ ಇಂಜೆಕ್ಷನ್ ಜೊತೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ಇದ್ದು, ಊಟ ಅರ್ಧಕ್ಕಿಳಿದರೆ, ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ಎದೆಬಡಿತ ಬಂದ ತಕ್ಷಣ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಮೈಸೂರು ಪಾಕೋ ಚಾಕೊಲೇಟೋ ಬಾಯಿಗೆ ಹಾಕಿಕೊಂಡರೆ ಅದರ ಕೊಬ್ಬು ಜಠರದಲ್ಲೇ ತಡೆಯುತ್ತದೆ, ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಇಂಜೆಕ್ಷನ್ ಶುರುವಾಗುವಾಗಲೇ ಆ ಮಾತ್ರೆಯ ಡೋಸ್ ಇಳಿಸಬೇಕೇ ಎಂದು ವೈದ್ಯರನ್ನು ಕೇಳಿ. ಇದೇ ಕಾರಣಕ್ಕೆ ಹಾಗಲಕಾಯಿ ರಸ, ಮೆಂತ್ಯದ ಪುಡಿ, ಹೆಸರಿಲ್ಲದ "ತೂಕದ ಚೂರ್ಣ" ಇತ್ಯಾದಿಗಳನ್ನು ಜೊತೆಗೆ ಸೇರಿಸಬೇಡಿ.

ಇಷ್ಟು ಹೊತ್ತು ತಿನ್ನಬಾರದ್ದರ ಮಾತು. ನಮ್ಮ ಲೆಕ್ಕದಲ್ಲಿ ಹೆಚ್ಚು ಜನ ಎಡವುವುದು ತಿನ್ನದೇ ಇರುವುದರಲ್ಲಿ. ಹಸಿವಿಲ್ಲ ಎಂದು ಬೆಳಿಗ್ಗೆ ಎರಡು ಬಿಸ್ಕತ್ತು, ಮಧ್ಯಾಹ್ನ ನಾಲ್ಕು ತುತ್ತು ತಿಳಿಸಾರು ಅನ್ನ, ರಾತ್ರಿ ಒಂದು ಲೋಟ ಮಜ್ಜಿಗೆ. ತೂಕದ ಯಂತ್ರ ಖುಷಿ ಪಡಿಸುತ್ತದೆ, ಆದರೆ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇರುತ್ತದೆ. ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಕೊಬ್ಬಲ್ಲದ್ದು ಹೋಗುವುದುಂಟು. ಕೂದಲು ಉದುರುವುದು, ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು ಆಮೇಲೆ ಗೊತ್ತಾಗುತ್ತದೆ.

ಪ್ರೋಟೀನ್‌ಗೆ ಗುರಿ ಇಟ್ಟುಕೊಳ್ಳಿ. ಮುಟ್ಟಬೇಕೆಂದಿರುವ ತೂಕ 65 ಕೆ.ಜಿ. ಆದರೆ, ಕೆ.ಜಿ.ಗೆ 1.2 ಗ್ರಾಂ. ಲೆಕ್ಕದಲ್ಲಿ ದಿನಕ್ಕೆ 78 ಗ್ರಾಂ. ಸಸ್ಯಾಹಾರಿಗಳಿಗೆ ಇದು ಸುಲಭವಲ್ಲ. 100 ಗ್ರಾಂ. ಪನೀರ್‌ನಲ್ಲಿ ಸುಮಾರು 18, ಒಣಗಿದ ಸೋಯಾ ಚಂಕ್ಸ್ 30 ಗ್ರಾಂ.ನಲ್ಲಿ 15, 30 ಗ್ರಾಂ. ಬೇಳೆ ಹಾಕಿದ ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ 6ರಿಂದ 7, ಒಂದು ಹಿಡಿ ಹುರಿಗಡಲೆಯಲ್ಲಿ 6, ಕಾಲು ಲೀಟರ್ ಹಾಲು ಅಥವಾ ಮೊಸರಿನಲ್ಲಿ 8. ಎರಡು ಬಟ್ಟಲು ತೊವ್ವೆ, ಕಾಲು ಲೀಟರ್ ಹಾಲು, ಅಷ್ಟೇ ಮೊಸರು, ಪನೀರ್, ಸೋಯಾ, ಹುರಿಗಡಲೆ ಸೇರಿದರೆ 68ರ ಹತ್ತಿರ ಬರುತ್ತದೆ, ಉಳಿದದ್ದು ರೊಟ್ಟಿ, ಅನ್ನ, ಇಡ್ಲಿಯಿಂದ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಸಿಗುತ್ತದೆ, ಬೇಯಿಸಿದ ಕೋಳಿಯ ಎದೆ ಮಾಂಸ 100 ಗ್ರಾಂ.ಗೆ 28ರಿಂದ 30. ತಿಳಿಸಾರನ್ನು ಬೇಳೆ ಎಂದು ಲೆಕ್ಕ ಹಾಕಬೇಡಿ, ಬೇಳೆ ಪಾತ್ರೆಯ ತಳದಲ್ಲಿದೆ. ಮೂತ್ರಪಿಂಡದ ತೊಂದರೆ ಇದ್ದವರು ಈ ಸಂಖ್ಯೆಗಳನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು.

ಊಟ ಕಡಿಮೆಯಾದರೆ ಮಲಬದ್ಧತೆ ಹಿಂದೆಯೇ ಬರುತ್ತದೆ. ನೀರು ಎರಡರಿಂದ ಎರಡೂವರೆ ಲೀಟರ್, ಊಟದ ಜೊತೆ ಅಲ್ಲ, ಊಟಗಳ ನಡುವೆ ಗುಟುಕು ಗುಟುಕಾಗಿ. ಪಪ್ಪಾಯಿ, ಬೇಯಿಸಿದ ಸೊಪ್ಪು, ನೆನೆಸಿದ ಒಣದ್ರಾಕ್ಷಿ ಸಾಕಷ್ಟು ಕೆಲಸ ಮಾಡುತ್ತವೆ. ಇಸಬ್‌ಗೋಲ್ ತೆಗೆದುಕೊಳ್ಳುವುದಾದರೆ ಒಂದು ಟೀ ಚಮಚಕ್ಕೆ ಒಂದು ದೊಡ್ಡ ಲೋಟ ನೀರು ಕಡ್ಡಾಯ. ನೀರಿಲ್ಲದೆ ಅದು ಒಳಗೆ ಗಟ್ಟಿಯಾಗುತ್ತದೆ. ನೀರೂ ಮುಟ್ಟದ ಏಕಾದಶಿ, ರಂಜಾನ್ ಉಪವಾಸಗಳನ್ನು ಡೋಸ್ ಏರುವ ವಾರದಲ್ಲಿ ಹಿಡಿಯುವ ಮೊದಲು ವೈದ್ಯರಿಗೆ ಹೇಳಿ. ಉಪವಾಸ ಮುರಿಯುವಾಗ ಸಾಬುದಾನಿ ವಡೆ, ಸಮೋಸ ಮೊದಲ ತುತ್ತಾಗುವುದು ಬೇಡ.

ವಾಂತಿಯ ದಿನ ಗಂಜಿ, ನೀರುಮಜ್ಜಿಗೆ, ಇಡ್ಲಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಎರಡು ಮೂರು ನಿಮಿಷಕ್ಕೊಂದು ಚಮಚ. ದಿನವಿಡೀ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದರೆ, ಹೊಟ್ಟೆಯ ಮೇಲ್ಭಾಗದ ತೀವ್ರ ನೋವು ಬೆನ್ನಿಗೆ ಹರಿದರೆ, ಬಲ ಪಕ್ಕೆಯ ಕೆಳಗೆ ನೋವಿನ ಜೊತೆ ಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿ ಮಲವೂ ಗಾಳಿಯೂ ಹೋಗದಿದ್ದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಎಂಡೋಸ್ಕೋಪಿಗೋ ಆಪರೇಷನ್‌ಗೋ ದಿನ ಗೊತ್ತಾಗಿದ್ದರೆ ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಿ ಎಂದು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ; ರಾತ್ರಿಯೆಲ್ಲ ಉಪವಾಸವಿದ್ದರೂ ಹೊಟ್ಟೆ ಖಾಲಿ ಇಲ್ಲದಿರಬಹುದು.

ಕೊನೆಗೆ ಎಲ್ಲರೂ ಕೇಳುವುದು: ಮದುವೆ ಊಟ, ಹಬ್ಬದ ಹೋಳಿಗೆ? ಮದ್ದು ರಕ್ತದಲ್ಲಿ ಏರಿರುವುದು ಚುಚ್ಚಿದ ನಂತರದ ಒಂದರಿಂದ ಮೂರು ದಿನ, ಹಲವರಿಗೆ ವಾಕರಿಕೆ ಹೆಚ್ಚೂ ಆಗಲೇ. ಶನಿವಾರ ಭಾನುವಾರ ಸಮಾರಂಭಗಳು ಹೆಚ್ಚಿದ್ದರೆ ಇಂಜೆಕ್ಷನ್ ಭಾನುವಾರ ರಾತ್ರಿಗೋ ಸೋಮವಾರಕ್ಕೋ ಇರಲಿ. ವಾರ ಬದಲಿಸುವಾಗ ಎರಡು ಡೋಸ್‌ಗಳ ನಡುವೆ ಕನಿಷ್ಠ ಮೂರು ದಿನ ಇರಲೇಬೇಕು. ಎಲೆಯ ಮುಂದೆ ಕೂತಾಗ ಬಡಿಸುವ ಕ್ರಮವೇ ನಿಮಗೆ ಅನುಕೂಲ: ಹೆಸರುಬೇಳೆ ಕೋಸಂಬರಿ ಮತ್ತು ಪಲ್ಯ ಮೊದಲು ಮುಗಿಸಿ, ತೊವ್ವೆಗೆ ಅನ್ನ ಕಡಿಮೆ ಕಲಸಿ, ಅರ್ಧ ಹೋಳಿಗೆಗೆ ತುಪ್ಪ ಒಂದು ಚಮಚ, ಬೋಂಡ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಎರಡನೇ ಬಾರಿ ಅನ್ನ ಬೇಡ, ಮಜ್ಜಿಗೆ ಬೇಕು.