ತಪ್ಪು ಹೇಳಿದರೆ ತೀರ್ಪು ಮಾಡಿದ ಹಾಗಲ್ವಾ?

"ತೀರ್ಪು ಮಾಡಬೇಡಿರಿ ಅಂತ ಯೇಸು ಸ್ವಾಮಿಯೇ ಹೇಳಿದ್ದಾರಲ್ಲ, ಮತ್ತೆ ನೀವು ಇನ್ನೊಬ್ಬರ ತಪ್ಪು ಎತ್ತಿ ಹೇಳೋದ್ಯಾಕೆ?" ಚರ್ಚಿನ ಸಭೆಯಲ್ಲಿ, ನನ್ನ ಅಂಗಡಿಯಲ್ಲಿ, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು.

ಆ ಮಾತು ಬೈಬಲಿನ ಮತ್ತಾಯ ಸುವಾರ್ತೆಯ 7ನೇ ಅಧ್ಯಾಯದ ಮೊದಲ ವಚನ. 5ನೇ ವಚನದವರೆಗೆ ಓದಿ ನೋಡಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ, ಅಂದರೆ ಸಣ್ಣ ಕಸ, ತೆಗೆಯಲು ಚೆನ್ನಾಗಿ ಕಾಣುತ್ತದೆ ಅಂತ ಇದೆ. ರವೆ ಅಲ್ಲೇ ಇರಲಿ ಬಿಡು ಅಂತ ಇಲ್ಲ.

ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಓಡಾಡುವಾಗ ಕಣ್ಣಿಗೆ ಬೂದಿ ಬಿದ್ದರೆ ಉಜ್ಜಿದಷ್ಟೂ ಉರಿ ಜಾಸ್ತಿ. ಯಾರಾದರೂ ಮುಖವನ್ನು ಬೆಳಕಿಗೆ ತಿರುಗಿಸಿ, ರೆಪ್ಪೆ ಎತ್ತಿ, ಒದ್ದೆ ಟವೆಲ್ಲಿನ ತುದಿಯಿಂದ ಮೆಲ್ಲಗೆ ತೆಗೆಯಬೇಕು. ಉಸಿರು ತಾಕುವಷ್ಟು ಹತ್ತಿರ ಬಂದರೇ ಆಗುವ ಕೆಲಸ ಅದು.

ನನ್ನ ಕಣ್ಣಿಗೂ ಒಬ್ಬರು ಹಾಗೆ ಹತ್ತಿರ ಬಂದಿದ್ದರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಟೀ ಕುಡಿಯೋಣ ಬಾ ಅಂತ ಕರೆದರು. ಟೀ ಮುಗಿಯುವವರೆಗೂ ಬೇರೆ ಮಾತು. ಆಮೇಲೆ ಹೇಳಿದರು: "ತಮ್ಮಾ, ನಿನ್ನೆ ನಿನ್ನ ಅಂಗಡಿ ಬಾಗಿಲವರೆಗೂ ಬಂದಿದ್ದೆ. ತೂಕ ತಪ್ಪಿದ್ದಕ್ಕೆ ಗಿರಾಕಿಗಳ ಮುಂದೆ ಆ ಹುಡುಗನಿಗೆ ಬೈತಿದ್ದಿ. ಕೇಳೋಕಾಗಲಿಲ್ಲ, ವಾಪಸ್ ಹೋದೆ."

ನನಗೆ ಸಿಟ್ಟು ಬಂತು. ಎರಡು ವಾರ ಅವರ ಮುಖ ನೋಡಲಿಲ್ಲ. ಆದರೆ ಅವರು ನನ್ನನ್ನು ತಿದ್ದಿದ್ದು ಒಬ್ಬನನ್ನೇ ಕೂರಿಸಿಕೊಂಡು. ಮತ್ತಾಯ 18ರಲ್ಲಿ ಹೇಳಿರುವುದೂ ಅದನ್ನೇ, ಇಬ್ಬರೇ ಇರುವಾಗ ಹೇಳು ಅಂತ. ಕೊನೆಗೆ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ಎಲ್ಲರ ಮುಂದೆ ಹೇಳಬೇಕಾದ ತಪ್ಪುಗಳೂ ಇವೆ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಜೊತೆ ಊಟ ಮಾಡುವುದನ್ನು ಬಿಟ್ಟಾಗ, ಅವನನ್ನು ನೋಡಿ ಬೇರೆಯವರೂ ಬಿಟ್ಟರು. ಅದಕ್ಕೇ ಸುವಾರ್ತೆ ಸಾರುತ್ತಿದ್ದ ಪೌಲ ಅವನನ್ನು ಎಲ್ಲರ ಎದುರಿಗೇ ಕೇಳಿದ. ಅಲ್ಲಿಗೆ ಸಂಬಂಧ ಮುರಿಯಿತೇ? ಪೇತ್ರನ ಎರಡನೆಯ ಪತ್ರದ ಕೊನೆಯಲ್ಲಿ 'ನಮ್ಮ ಪ್ರಿಯ ಸಹೋದರ ಪೌಲ' ಅಂತಲೇ ಇದೆ. ಆ ಸಾಲು ಓದಿದಾಗೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಆ ಹಿರಿಯರು ಈಗ ಇಲ್ಲ. ಹುಡುಗ ಈಗ ಅಂಗಡಿ ಲೆಕ್ಕ ನೋಡಿಕೊಳ್ಳುತ್ತಾನೆ. ಹೋದ ತಿಂಗಳು ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ಗಲ್ಲಾ ಪಕ್ಕ ಬಂದು ಮೆಲ್ಲಗೆ ಹೇಳಿದ: "ಅಣ್ಣಾ, ಬೆಳಿಗ್ಗೆ ಬಂದಿದ್ದ ಅಜ್ಜಿಗೆ ನೀವು ಚಿಲ್ಲರೆ ಕಡಿಮೆ ಕೊಟ್ಟಿರಿ. ಮನೆ ನನಗೆ ಗೊತ್ತು, ಕೊಟ್ಟು ಬರಲಾ?"